ಪಹಣಿ ಸಿಗುತ್ತದೆ, ಕೇಸ್ ಶೀಟ್ ಸಿಗುವುದಿಲ್ಲ

ಕಳೆದ ತಿಂಗಳು ನಮ್ಮ ಕಚೇರಿಗೆ ಒಬ್ಬ ರೈತರು ಬಂದಿದ್ದರು. ಕಂಕುಳಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದನ್ನು ಬಿಚ್ಚಿ ಮೇಜಿನ ಮೇಲೆ ಒಂದೊಂದಾಗಿ ಹರಡಿದರು: ಮಡಿಕೆಯಲ್ಲೇ ಹರಿದು ನಾಲ್ಕು ತುಂಡಾದ ಓಪಿಡಿ ಚೀಟಿಗಳು, ಮಸಿ ಮಾಸಿ ಬೆಳ್ಳಗಾಗುತ್ತಿರುವ ಇಸಿಜಿ ಪಟ್ಟಿ, ಕಂಪ್ಯೂಟರ್ ಪರದೆಯ ಮೇಲಿದ್ದ ಎಕ್ಸ್‌ರೇಯನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹಾಕಿಸಿಕೊಟ್ಟ ಪ್ರಿಂಟು. ನಾಲ್ಕು ವರ್ಷದ ಹಿಂದೆ ಅವರ ಮಗನ ಬೈಕಿಗೆ ಲಾರಿ ಬಡಿದಿತ್ತು. ತೊಡೆಮೂಳೆಗೆ ರಾಡ್ ಹಾಕಿದ್ದು ಸರ್ಕಾರಿ ಆಸ್ಪತ್ರೆಯಲ್ಲಿ. ಪರಿಹಾರದ ಕೇಸು ನ್ಯಾಯಮಂಡಳಿಯ ಮುಂದಿದೆ, ವಕೀಲರು ಕೇಸ್ ಶೀಟ್ ತನ್ನಿ ಎಂದಿದ್ದಾರೆ. ಇವರು ಏಳು ಸಲ ಆಸ್ಪತ್ರೆಗೆ ಹೋಗಿ ಬಂದಿದ್ದಾರೆ. ಮೊದಮೊದಲು 'ಯಜಮಾನ್ರೇ, ರೆಕಾರ್ಡ್ ರೂಮ್ ಸೋರ್ತಾ ಇತ್ತು, ಗಂಟೆಲ್ಲ ಬೇರೆ ಕಡೆ ಸಾಗಿಸಿದೀವಿ, ಸೋಮವಾರ ಬನ್ನಿ' ಎಂಬ ಉತ್ತರ ಸಿಕ್ಕಿತಂತೆ. ಏಳನೇ ಸಲ ಕುರ್ಚಿಯಲ್ಲಿ ಬೇರೆ ಗುಮಾಸ್ತರಿದ್ದರು. 'ಮೂರು ವರ್ಷ ದಾಟಿದ್ದನ್ನ ನಾವು ಇಡಲ್ಲ' ಎಂದರಂತೆ.

ಅದೇ ಕವರಿನಲ್ಲಿ ಒಂದು ಪಹಣಿಯೂ ಇತ್ತು. ನಮ್ಮಲ್ಲಿಗೆ ಬರುವ ದಾರಿಯಲ್ಲಿ ನಾಡಕಚೇರಿಯಲ್ಲಿ ತೆಗೆಸಿದ್ದು, ಬೆಳೆಸಾಲಕ್ಕೆ ಬೇಕಿತ್ತು, ಹತ್ತು ನಿಮಿಷವೂ ಹಿಡಿಯಲಿಲ್ಲ ಎಂದರು. 'ಸ್ವಾಮಿ, ನನ್ನ ಹೊಲದ ಕಾಗದ ನಮ್ಮಪ್ಪನ ಕಾಲದ್ದು ಬೇಕಾದ್ರೂ ಸಿಗುತ್ತೆ. ಮಗನ ಕಾಲಿಂದು ನಾಲ್ಕು ವರ್ಷದ್ದು ಸಿಗಲ್ಲ ಅಂದ್ರೆ ಹೆಂಗೆ?'

ಈ ಪ್ರಶ್ನೆಗೆ ಉತ್ತರಿಸಬೇಕಾದದ್ದು ಆ ಗುಮಾಸ್ತರಲ್ಲ, ಸರ್ಕಾರ. ಕಾಗದ ಜೋಪಾನ ಮಾಡಲು ಬಾರದ ನಾಡೇನೂ ಇದಲ್ಲ. ಫೈಲಿಗೆ ನಾವು ಇಂದಿಗೂ ಬಳಸುವ 'ಕಡತ' ಎಂಬ ಮಾತು ಹುಟ್ಟಿದ್ದು ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಶಾನುಭೋಗರ ದಫ್ತರದ ಬಗ್ಗೆ ನೂರು ದೂರುಗಳಿದ್ದವು, ನಿಜ. ಆದರೂ ಆ ಕೆಂಪು ಬಟ್ಟೆಯ ಗಂಟನ್ನು ಗೆದ್ದಲಿಗೆ ಬಿಟ್ಟ ಶಾನುಭೋಗರು ಅಪರೂಪ, ಏಕೆಂದರೆ ಕಂದಾಯ ಬರುತ್ತಿದ್ದುದು ಅದರಿಂದ. ಈ ಶತಮಾನದ ಆರಂಭದಲ್ಲಿ ಇದೇ ಸರ್ಕಾರ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೆ ದಾರಿ ತೋರಿಸಿತು. ಈಗ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಪುಟಗಳೂ 'ಭೂಸುರಕ್ಷಾ' ಹೆಸರಿನಲ್ಲಿ ಸ್ಕ್ಯಾನ್ ಆಗುತ್ತಿವೆ. ಮಣ್ಣಿನ ವಿಷಯದಲ್ಲಿ ಇಷ್ಟು ನೆನಪಿರುವ ಸರ್ಕಾರಕ್ಕೆ ಮೈಯ ವಿಷಯದಲ್ಲಿ ಮರೆವು.

'ಮೂರು ವರ್ಷ' ಎಂಬ ಮಾತು ಎಲ್ಲಿಂದ ಬಂತು ನೋಡೋಣ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳು, ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟುಕೊಂಡಿರಬೇಕು ಎನ್ನುತ್ತವೆ. ಇದು ಇಡಲೇಬೇಕಾದ ಕನಿಷ್ಠ ಅವಧಿ. ಕನಿಷ್ಠವನ್ನೇ ಗರಿಷ್ಠ ಮಾಡಿಕೊಂಡದ್ದು ನಮ್ಮ ಕಚೇರಿಗಳ ಜಾಣತನ. ಪೊಲೀಸ್ ಕೇಸಾದ ಎಂಎಲ್‌ಸಿ ಕಡತವನ್ನು, ಅದೂ ಪರಿಹಾರದ ಮೊಕದ್ದಮೆ ಇನ್ನೂ ನಡೆಯುತ್ತಿರುವಾಗ, ಮೂರು ವರ್ಷ ಆಯಿತೆಂದು ಕೈಬಿಡುವುದು ಯಾವ ನ್ಯಾಯ? ಅದೇ ನಿಯಮದ ಮುಂದಿನ ಸಾಲನ್ನು ಮಾತ್ರ ಯಾವ ಗುಮಾಸ್ತರೂ ಹೇಳುವುದಿಲ್ಲ. ರೋಗಿ ಅಥವಾ ರೋಗಿಯ ಪರವಾಗಿ ಅಧಿಕಾರ ಪಡೆದವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಅಲ್ಲಿದೆ. ಮೂರು ವರ್ಷ ಎಲ್ಲರ ಬಾಯಲ್ಲಿದೆ, ಮೂರು ದಿನ ಯಾರಿಗೂ ನೆನಪಿಲ್ಲ.

ಜಿಲ್ಲಾ ಮಟ್ಟದ ಆಸ್ಪತ್ರೆಗಳ ರೆಕಾರ್ಡ್ ರೂಮುಗಳನ್ನು ಹುಡುಕಿಕೊಂಡು ಹೋದವರಿಗೆ ದಾರಿ ಗೊತ್ತು. ಮೆಟ್ಟಿಲ ಕೆಳಗೆ, ಶವಾಗಾರಕ್ಕೆ ಹೋಗುವ ಹಾದಿಯಲ್ಲಿ, ಅಥವಾ ಮುರಿದ ಮಂಚ, ಚಕ್ರ ಕಳಚಿದ ಸ್ಟ್ರೆಚರ್ ಒಟ್ಟಿದ ಕೋಣೆಯ ಆಚೆ. ಕಬ್ಬಿಣದ ರ‍್ಯಾಕು ತುಂಬಿ ನೆಲಕ್ಕಿಳಿದ ಗಂಟುಗಳು, ಗೋಡೆಗೆ ತಾಗಿದವಕ್ಕೆ ಗೆದ್ದಲು, ನೆಲಕ್ಕೆ ತಾಗಿದವಕ್ಕೆ ಮುಂಗಾರಿನ ತೇವ, ಮಿಕ್ಕಿದವಕ್ಕೆ ಇಲಿ. ತಪಾಸಣೆಯ ತಂಡ ಬರುವ ವಾರ ಆಸ್ಪತ್ರೆಯ ಎದುರಿನ ಗೋಡೆಗೆ ಬಣ್ಣ ಬೀಳುತ್ತದೆ, ಈ ಕೋಣೆಗೆ ಬೀಗ ಬೀಳುತ್ತದೆ. ದಾಖಲೆಗಳನ್ನು ರೋಗದ ಸಂಕೇತ ಸಂಖ್ಯೆ ಹಾಕಿ ವಿಂಗಡಿಸುವುದು, ಕ್ರಮದಲ್ಲಿ ಜೋಡಿಸಿ ಐದು ನಿಮಿಷದಲ್ಲಿ ಹುಡುಕಿಕೊಡುವುದು ಒಂದು ವಿದ್ಯೆ. ನಮ್ಮದೇ ಪ್ಯಾರಾಮೆಡಿಕಲ್ ಮಂಡಳಿ ಅದಕ್ಕೆ ಡಿಪ್ಲೊಮಾ ಕೊಡುತ್ತದೆ. ಕಲಿತ ಹುಡುಗ ಹುಡುಗಿಯರು ಖಾಸಗಿ ಆಸ್ಪತ್ರೆಗಳ ವಿಮೆ ವಿಭಾಗ ಸೇರುತ್ತಾರೆ. ಸರ್ಕಾರಿ ಆಸ್ಪತ್ರೆಯ ರೆಕಾರ್ಡ್ ರೂಮಿನ ಬೀಗದ ಕೈ ಎಷ್ಟೋ ಕಡೆ ನಿವೃತ್ತಿಗೆ ಹತ್ತಿರವಾದ ಒಬ್ಬ ಡಿ ಗ್ರೂಪ್ ನೌಕರರ ಸೊಂಟದಲ್ಲಿರುತ್ತದೆ. ಯಾವ ವರ್ಷದ ಗಂಟು ಎಲ್ಲಿದೆ ಎಂಬುದು ಅವರಿಗೊಬ್ಬರಿಗೇ ಗೊತ್ತು. ಅವರು ನಿವೃತ್ತರಾದ ದಿನ ಆಸ್ಪತ್ರೆಯ ಸೂಚಿಯೂ ನಿವೃತ್ತಿಯಾಗುತ್ತದೆ.

ಕಂಪ್ಯೂಟರ್ ಬಂದಿದೆಯಲ್ಲ ಎಂದು ಕೇಳಬಹುದು. ಬಂದಿದೆ. ಕೇಂದ್ರದ ಎನ್‌ಐಸಿ ರೂಪಿಸಿದ 'ಇ-ಹಾಸ್ಪಿಟಲ್' ತಂತ್ರಾಂಶ ನಮ್ಮ ಹಲವು ಆಸ್ಪತ್ರೆಗಳಲ್ಲಿ ಓಡುತ್ತಿದೆ. 2021ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಗಳ 'ಆಭಾ' ಸಂಖ್ಯೆ ಕೊಡುತ್ತಿದೆ. ಹೊರರೋಗಿ ವಿಭಾಗದ ಕಿಟಕಿಯ ಬಳಿ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಟೋಕನ್ ಬರುತ್ತದೆ, ಸರತಿ ಸಾಲು ನಿಜಕ್ಕೂ ಕರಗಿದೆ. ಆದರೆ ಆ ಕಿಟಕಿಯಲ್ಲಿ ಶುರುವಾದ ಡಿಜಿಟಲ್ ಯುಗ ಡಾಕ್ಟರ ಕೋಣೆಯ ಬಾಗಿಲಿಗೆ ಮುಗಿದುಹೋಗುತ್ತದೆ. ಕಂಪ್ಯೂಟರ್ ಮುದ್ರಿಸಿಕೊಟ್ಟ ಚೀಟಿಯ ಮೇಲೆ ಡಾಕ್ಟರು ಪೆನ್ನಿನಲ್ಲಿ ಬರೆಯುತ್ತಾರೆ. ಏನು ಕಾಯಿಲೆ, ಯಾವ ಮಾತ್ರೆ, ಏಕೆ ಬದಲಿಸಿದರು ಎಂಬುದೆಲ್ಲ ಆ ಚೀಟಿಯಲ್ಲಿ, ಚೀಟಿ ರೋಗಿಯ ಜೇಬಿನಲ್ಲಿ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಉಳಿಯುವುದು ಹೆಸರು, ವಯಸ್ಸು, ಊರು, ಬಂದ ಹೊತ್ತು. ಛತ್ರದ ವಹಿಯಲ್ಲೂ ಇಷ್ಟೇ ಇರುತ್ತದೆ.

ಹೆಸರಾದರೂ ಸರಿಯಾಗಿದೆಯೇ? ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೀಲಿಸುವಾಗ ಲಕ್ಷ್ಮಮ್ಮನಿಗೆ ಕನಿಷ್ಠ ನಾಲ್ಕು ಕಾಗುಣಿತಗಳಿವೆ. ಇನಿಷಿಯಲ್ ಹಿಂದೆ ಬಂದರೆ ಒಬ್ಬಳು, ಮುಂದೆ ಬಂದರೆ ಇನ್ನೊಬ್ಬಳು. ಹೋದ ಸಲ ಮಗನ ಮೊಬೈಲ್ ನಂಬರ್ ಕೊಟ್ಟಿದ್ದಳು, ಈ ಸಲ ಸೊಸೆಯದು. ಸಾಲಿನಲ್ಲಿ ಹಿಂದಿನವರು ಗೊಣಗುತ್ತಿರುವಾಗ ಹಳೆಯ ನೋಂದಣಿ ಹುಡುಕುವ ಪುರುಸೊತ್ತು ಡೇಟಾ ಎಂಟ್ರಿ ಆಪರೇಟರಿಗೆ ಇಲ್ಲ, ಹೊಸದನ್ನೇ ತೆರೆಯುತ್ತಾರೆ. ಒಬ್ಬಳೇ ಲಕ್ಷ್ಮಮ್ಮ ಮೂವರಾಗುತ್ತಾಳೆ. ಒಬ್ಬಳಿಗೆ ಸಕ್ಕರೆ ಕಾಯಿಲೆ, ಒಬ್ಬಳಿಗೆ ಪೆನಿಸಿಲಿನ್ ಆಗದು, ಇನ್ನೊಬ್ಬಳು ಪೂರ್ತಿ ಆರೋಗ್ಯವಂತೆ. ತುರ್ತು ವಿಭಾಗಕ್ಕೆ ರಾತ್ರಿ ಬಂದವಳು ಯಾವ ಲಕ್ಷ್ಮಮ್ಮ? (ಕನ್ನಡದಲ್ಲೇ ಹೆಸರು ನಮೂದಿಸಿದ್ದರೆ ಈ ಗೊಂದಲದ ಅರ್ಧ ಭಾಗ ಹುಟ್ಟುತ್ತಲೇ ಇರಲಿಲ್ಲ. ಪಹಣಿಯಲ್ಲಿ ಹೆಸರು ಕನ್ನಡದಲ್ಲೇ ಇದೆ, ಅದಕ್ಕೆ ಯಾರ ತಕರಾರೂ ಇಲ್ಲ.)

ಕಾಗದ ಹೋಗಿ ಕಂಪ್ಯೂಟರ್ ಬರಲಿಲ್ಲ, ಕಾಗದದ ಮೇಲೆ ಕಂಪ್ಯೂಟರ್ ಹೇರಿಕೆಯಾಯಿತು. ಹೆರಿಗೆ ವಾರ್ಡಿನ ರಾತ್ರಿ ಪಾಳಿಯ ಶುಶ್ರೂಷಕಿ ಒಂದೇ ಹೆರಿಗೆಯನ್ನು ದಾಖಲಾತಿ ರಿಜಿಸ್ಟರಿನಲ್ಲಿ, ಹೆರಿಗೆ ರಿಜಿಸ್ಟರಿನಲ್ಲಿ, ಕೇಸ್ ಶೀಟಿನಲ್ಲಿ, ತಾಯಿ ಕಾರ್ಡಿನಲ್ಲಿ ಬರೆದು, ಆಮೇಲೆ ತಾಯಿ-ಮಗುವಿನ ಆರೋಗ್ಯದ ಆರ್‌ಸಿಎಚ್ ಪೋರ್ಟಲ್‌ಗೆ, ಜನನ ನೋಂದಣಿಯ ಇ-ಜನ್ಮಕ್ಕೆ ಮಾಹಿತಿ ಕೊಡಬೇಕು. ಕ್ಷಯಕ್ಕೆ ನಿಕ್ಷಯ್, ಬಿಪಿ ಸಕ್ಕರೆ ಕಾಯಿಲೆಗೆ ಎನ್‌ಸಿಡಿ, ಲಸಿಕೆಗೆ ಯು-ವಿನ್, ತಿಂಗಳ ಲೆಕ್ಕಕ್ಕೆ ಎಚ್‌ಎಂಐಎಸ್. ಒಂದರ ಮಾಹಿತಿ ಇನ್ನೊಂದಕ್ಕೆ ತಾನಾಗಿ ಹರಿಯುವುದು ಕಡಿಮೆ. ಇಷ್ಟು ಬರೆಯುವ ಹೊತ್ತಿನಲ್ಲಿ ರೋಗಿಯನ್ನು ನೋಡುವವರು ಯಾರು? ಆದ್ದರಿಂದ ಬರಹ ಪಾಳಿಯ ಕೊನೆಗೆ ಜಾರುತ್ತದೆ. ಹೆರಿಗೆ ಹೇಗೆ ಸಾಗುತ್ತಿದೆಯೆಂದು ಗಳಿಗೆ ಗಳಿಗೆಗೂ ಗುರುತಿಸಬೇಕಾದ ಪಾರ್ಟೋಗ್ರಾಫನ್ನು ಮಗು ಹುಟ್ಟಿದ ಮೇಲೆ ಕೂತು ತುಂಬುವ ಪರಿಪಾಠ ಇಲಾಖೆಯ ಒಳಗಿನವರಿಗೆಲ್ಲ ಗೊತ್ತಿರುವ ಗುಟ್ಟು. ವಾರ್ಡಿನ ಅಷ್ಟೂ ರೋಗಿಗಳ ಬಿಪಿ ಬೆಳಗಿನ ಜಾವ 120/80 ಇರುವುದೂ ಅಂಥದೇ ಪವಾಡ.

ಆಶಾ ಕಾರ್ಯಕರ್ತೆಯರನ್ನು ಕೇಳಿ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದು ಗೌರವಧನಕ್ಕಾಗಿ ಎಂದಷ್ಟೇ ನಾವು ಬರೆದೆವು. ಅವರ ಹಳೆಯ ದೂರುಗಳಲ್ಲಿ ಇನ್ನೊಂದಿದೆ: ಪ್ರೋತ್ಸಾಹಧನವನ್ನು ಆರ್‌ಸಿಎಚ್ ಪೋರ್ಟಲ್‌ಗೆ ಕಟ್ಟಿಹಾಕಿರುವುದರಿಂದ, ಗರ್ಭಿಣಿಯ ಮನೆಗೆ ಹತ್ತು ಸಲ ಹೋಗಿ ಬಂದರೂ ಪೋರ್ಟಲ್‌ನಲ್ಲಿ ನಮೂದಾಗದಿದ್ದರೆ ದುಡ್ಡಿಲ್ಲ. ಮಾಡಿದ ಕೆಲಸಕ್ಕಿಂತ ಏರಿಸಿದ ಮಾಹಿತಿ ದೊಡ್ಡದಾಗಿದೆ.

'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂಬ ಮಾತು ನಮ್ಮಲ್ಲಿದೆ. ಆಸ್ಪತ್ರೆಯ ದಾಖಲೆಯ ಸ್ಥಿತಿ ಇದಕ್ಕೆ ತಿರುಗುಮುರುಗು: ಲೆಕ್ಕಕ್ಕುಂಟು, ಆಟಕ್ಕಿಲ್ಲ. ಬೆಂಗಳೂರಿಗೆ, ದೆಹಲಿಗೆ ತಿಂಗಳ ಅಂಕಿ ಹೋಗುತ್ತದೆ. ನಾಳೆ ಇದೇ ರೋಗಿಯನ್ನು ನೋಡುವ ಡಾಕ್ಟರಿಗೆ ಏನೂ ಹೋಗುವುದಿಲ್ಲ. ಒಂದು ಅಪವಾದವಿದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆಯ ಹಣ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ಬರಬೇಕಾದಾಗ ರೋಗಿಯ ಫೋಟೊ, ಪೂರ್ವಾನುಮತಿ, ಪರೀಕ್ಷಾ ವರದಿ, ಡಿಸ್ಚಾರ್ಜ್ ಸಮ್ಮರಿ ಎಲ್ಲವೂ ಚಾಚೂ ತಪ್ಪದೆ ಕಂಪ್ಯೂಟರಿಗೆ ಏರುತ್ತವೆ. ಅಲ್ಲಿ ಸರ್ವರ್ ಇದೆ, ಸಿಬ್ಬಂದಿ ಇದ್ದಾರೆ, ಗಡುವಿದೆ. ಹಾಗಾದರೆ ಶಕ್ತಿಯಿಲ್ಲದೆ ದಾಖಲೆ ಕೆಟ್ಟಿಲ್ಲ. ಶಾನುಭೋಗರ ಕಂದಾಯದ ಕಾಲದಂತೆ ಇಂದಿಗೂ ದುಡ್ಡಿನ ಕಾಗದ ಉಳಿಯುತ್ತದೆ, ಗಾಯದ ಕಾಗದ ಕೊಳೆಯುತ್ತದೆ.

ಕೊಳೆತದ್ದರ ಬೆಲೆ ಏನೆಂದು ಹೇಳಲು ಎರಡು ಘಟನೆ ನೆನೆಯಬೇಕು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಆಸ್ಪತ್ರೆಯಲ್ಲಿ 24 ಮಂದಿ ಸತ್ತರು. ಅವರಲ್ಲಿ ಆಮ್ಲಜನಕ ಸಿಗದೆ ಸತ್ತವರೆಷ್ಟು ಎಂಬ ಪ್ರಶ್ನೆಗೆ ಸರ್ಕಾರದ ಕಡೆಯಿಂದ ಮೊದಲು ಬಂದ ಉತ್ತರ ಮೂರು. ಹೈಕೋರ್ಟ್ ಆದೇಶದ ಮೇಲೆ ರಚನೆಯಾದ ಸಮಿತಿ ಆ ಲೆಕ್ಕವನ್ನು ಒಪ್ಪಲಿಲ್ಲ. ಇಂಥ ಲೆಕ್ಕ ಇತ್ಯರ್ಥವಾಗಬೇಕಾದದ್ದು ಕೇಸ್ ಶೀಟಿನಿಂದ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಶಂಕೆ ಹೋಗಿದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಇಂಥ ವೇಳೆ ಕೇಳಬೇಕಾದ ಮೊದಲ ಪ್ರಶ್ನೆ ಸರಳ: ಯಾವ ಬ್ಯಾಚಿನ ಬಾಟಲಿ ಯಾವ ತಾಯಿಯ ಕೈಗೆ ಹೋಯಿತು? ಉಗ್ರಾಣದ ಪುಸ್ತಕದಲ್ಲಿ ಬ್ಯಾಚ್ ಸಂಖ್ಯೆ ಇರುತ್ತದೆ, ಹಾಸಿಗೆಯ ಕೇಸ್ ಶೀಟಿನಲ್ಲಿ 'ಆರ್‌ಎಲ್ ಒಂದು ಪಾಯಿಂಟ್' ಎಂದಷ್ಟೇ ಬರೆಯುವ ರೂಢಿಯಿದೆ. ಉಗ್ರಾಣದಿಂದ ಹಾಸಿಗೆಯವರೆಗಿನ ಆ ಐವತ್ತು ಹೆಜ್ಜೆಯ ಬರಹ ರಾಜ್ಯದ ಪ್ರತಿ ಆಸ್ಪತ್ರೆಯಲ್ಲೂ ಇದೆಯೇ ಎಂದು ಇಲಾಖೆ ಎದೆ ಮುಟ್ಟಿ ಹೇಳಲಿ.

ಕೋರ್ಟಿನ ಕಡೆಯಿಂದಲೂ ಬಿಗಿ ಹೆಚ್ಚುತ್ತಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅತ್ಯಾಚಾರದ ಸಂತ್ರಸ್ತೆಯ ವೈದ್ಯಕೀಯ ವರದಿಯನ್ನು ಏಳು ದಿನದೊಳಗೆ ತನಿಖಾಧಿಕಾರಿಗೆ ಕಳಿಸಬೇಕು ಎನ್ನುತ್ತದೆ. ಜೊತೆಗೆ ಬಂದ ಸಾಕ್ಷ್ಯ ಅಧಿನಿಯಮದ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನು ಹಾಜರುಪಡಿಸುವಾಗ ಅದರ ಉಸ್ತುವಾರಿ ಹೊತ್ತವರು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ನಮ್ಮ ಆಸ್ಪತ್ರೆಯ ಕಂಪ್ಯೂಟರಿನ ಉಸ್ತುವಾರಿ ಯಾರದು? ಹೊರಗುತ್ತಿಗೆಯಲ್ಲಿ ಬಂದು ಮಾರ್ಚ್ ಮುಗಿದರೆ ಇರುತ್ತಾರೋ ಇಲ್ಲವೋ ಗೊತ್ತಿಲ್ಲದ ಆಪರೇಟರದೇ? ಇಡೀ ರಾತ್ರಿ ಪಾಳಿಯವರು ಒಂದೇ ಲಾಗಿನ್‌ನಲ್ಲಿ ಕೆಲಸ ಮಾಡುವ ಕಡೆ, ಪಾಸ್‌ವರ್ಡನ್ನು ಮಾನಿಟರಿನ ಅಂಚಿಗೆ ಅಂಟಿಸಿರುವ ಕಡೆ, ಏನನ್ನು ಯಾರು ಬರೆದರು ಎಂದು ಯಾರು ಪ್ರಮಾಣ ಮಾಡುತ್ತಾರೆ?

ಅಂಟಿಸಿದ ಪಾಸ್‌ವರ್ಡ್ ಎಂದಾಗ ದೆಹಲಿಯ ಏಮ್ಸ್ ನೆನಪಾಗುತ್ತದೆ. 2022ರ ನವೆಂಬರ್ 23ರ ಬೆಳಿಗ್ಗೆ ದೇಶದ ಈ ದೊಡ್ಡ ಸರ್ಕಾರಿ ಆಸ್ಪತ್ರೆಯ ಕಂಪ್ಯೂಟರುಗಳು ಕೈಕೊಟ್ಟವು. ಐದು ಸರ್ವರುಗಳಲ್ಲಿನ ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ದುಷ್ಕರ್ಮಿಗಳು ತೆರೆಯಲಾಗದಂತೆ ಗೂಢಲಿಪಿಗೆ ತಿರುಗಿಸಿದ್ದರು ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಸುಮಾರು ಎರಡು ವಾರ ದಾಖಲಾತಿ, ಲ್ಯಾಬ್ ವರದಿ, ಡಿಸ್ಚಾರ್ಜ್ ಎಲ್ಲ ಕೈಬರಹದಲ್ಲೇ ನಡೆದವು. ಆ ಆಸ್ಪತ್ರೆ ಬಚಾವಾದದ್ದು ಅಲ್ಲಿನವರು ಕಾಗದದ ಕೆಲಸವನ್ನು ಇನ್ನೂ ಮರೆತಿರಲಿಲ್ಲ ಎಂಬ ಕಾರಣಕ್ಕೆ. ನಮ್ಮಲ್ಲಿ 'ಸರ್ವರ್ ಡೌನ್' ಎಂಬುದು ಹಳ್ಳಿಯ ಅಜ್ಜಿಗೂ ಅರ್ಥವಾಗುವ ಮಾತಾಗಿದೆ. ಆಗ ಕೈಬರಹದ ಚೀಟಿ ಕೊಟ್ಟು ಕಳಿಸುತ್ತಾರೆ. ಸರ್ವರ್ ಎದ್ದ ಮೇಲೆ ಆ ಚೀಟಿಗಳನ್ನು ಕಂಪ್ಯೂಟರಿಗೆ ಸೇರಿಸುವವರು ಎಲ್ಲೋ ಒಬ್ಬರು. ಹೀಗೆ ಪ್ರತಿ ವಾರ ಕೆಲವು ಗಂಟೆಗಳ ಕಾಲ ನಮ್ಮ ಆಸ್ಪತ್ರೆಗಳಿಗೆ ಯಾರೂ ಬಂದೇ ಇಲ್ಲ ಎಂದಾಗುತ್ತದೆ.

ಗೋಪ್ಯತೆಯ ಮಾತು ಬೇರೆಯೇ ಇದೆ. ಎಚ್‌ಐವಿ ಸೋಂಕಿತರ ಮಾಹಿತಿ ಗುಟ್ಟಾಗಿರಬೇಕೆಂದು 2017ರ ಕಾಯ್ದೆ ಹೇಳುತ್ತದೆ, ಕೇಸ್ ಶೀಟಿನ ರಟ್ಟಿನ ಮೇಲೆ ಕೆಂಪು ಶಾಯಿಯ ದೊಡ್ಡ ಅಕ್ಷರ ವಾರ್ಡಿಗೆಲ್ಲ ಸಾರುತ್ತದೆ. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ಕಾಯ್ದೆ ಕಂಪ್ಯೂಟರಿನ ಮಾಹಿತಿಗೆ ಬೇಲಿ ಹಾಕುತ್ತದೆ. ರದ್ದಿಗೆ ಹೋದ ಕೇಸ್ ಶೀಟಿಗೆ ಬೇಲಿ ಎಲ್ಲಿದೆ?

ಹಾಗಾದರೆ ಕಾಗದ ಬಿಡಬೇಕೋ, ಕಂಪ್ಯೂಟರ್ ಬಿಡಬೇಕೋ? ಈ ಪ್ರಶ್ನೆಯೇ ದಾರಿ ತಪ್ಪಿಸುವಂಥದು. ಭೂಮಿ ಯೋಜನೆ ಗೆದ್ದದ್ದು ಯಂತ್ರದಿಂದಲ್ಲ. ಕಂಪ್ಯೂಟರೀಕರಣ ಮುಗಿದ ಕಡೆ ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಸರ್ಕಾರ ಕಡ್ಡಿ ಮುರಿದಂತೆ ಸಾರಿತು. ಯಾವುದು ಮೂಲ, ಯಾವುದು ನಕಲು, ತಿದ್ದುವ ಅಧಿಕಾರ ಯಾರದು ಎಂಬುದು ಅಂದೇ ತೀರ್ಮಾನವಾಯಿತು. ಆಸ್ಪತ್ರೆಯಲ್ಲಿ ಅಂಥ ತೀರ್ಮಾನವನ್ನು ಇಂದಿಗೂ ಯಾರೂ ಮಾಡಿಲ್ಲ. ಕೇಸ್ ಶೀಟ್ ಒಂದು ಹೇಳಿ ಪೋರ್ಟಲ್ ಇನ್ನೊಂದು ಹೇಳಿದರೆ ಯಾವುದನ್ನು ನಂಬಬೇಕು? ಕೇಂದ್ರ ಸರ್ಕಾರ ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆಗೆ 2013ರಲ್ಲೇ ಮಾನದಂಡ ಹೊರಡಿಸಿ 2016ರಲ್ಲಿ ಪರಿಷ್ಕರಿಸಿದೆ. ಮಾನದಂಡದ ಕೊರತೆಯಿಲ್ಲ, ಇದು ನನ್ನ ಹೊಣೆ ಎನ್ನುವ ಸಹಿಯ ಕೊರತೆಯಿದೆ.

ಆ ಸಹಿ ಹಾಕುವವರನ್ನು ನೇಮಿಸುವುದು ಮೊದಲ ಕೆಲಸ. ಪ್ರತಿ ಜಿಲ್ಲಾ ಆಸ್ಪತ್ರೆಗೆ, ತಾಲ್ಲೂಕು ಆಸ್ಪತ್ರೆಗೆ ಒಬ್ಬ ತರಬೇತಾದ ದಾಖಲೆ ಅಧಿಕಾರಿ, ಕಾಯಂ ಹುದ್ದೆಯಲ್ಲಿ, ವೈದ್ಯಕೀಯ ಅಧೀಕ್ಷಕರಿಗೆ ನೇರ ಉತ್ತರ ಕೊಡುವವರು. ಅವರು ಬಂದ ಮೇಲೆ ಯಾವ ರಿಜಿಸ್ಟರನ್ನು ಬಿಡಬಹುದು ಎಂದು ಅವರೇ ಹೇಳುತ್ತಾರೆ. ಸಚಿವಾಲಯದಲ್ಲಿ ಕೂತು ಹನ್ನೊಂದನೇ ಪೋರ್ಟಲ್ ತೆರೆಯುವ ಉಮೇದು ಆಗಲಾದರೂ ತಗ್ಗಲಿ. ಎಂಎಲ್‌ಸಿ, ಹೆರಿಗೆ, ಶಸ್ತ್ರಚಿಕಿತ್ಸೆ, ಸಾವು, ಈ ನಾಲ್ಕರ ಹಳೆಯ ಗಂಟುಗಳನ್ನು ಮಳೆಗಾಲಕ್ಕೆ ಮುಂಚೆ ಸ್ಕ್ಯಾನ್ ಮಾಡಿಸಬೇಕು. ಕಂದಾಯ ಇಲಾಖೆಗೆ ಸಾಧ್ಯವಾದದ್ದು ಆರೋಗ್ಯ ಇಲಾಖೆಗೆ ಆಗದು ಎನ್ನಲು ಕಾರಣ ಕಾಣುತ್ತಿಲ್ಲ. ಮನೆಗೆ ಹೋಗುವ ರೋಗಿಗೆ ಕನ್ನಡದಲ್ಲಿ ಮುದ್ರಿಸಿದ, ಅಂಗಡಿಯವನೂ ಓದಬಲ್ಲ ಒಂದು ಪುಟದ ಡಿಸ್ಚಾರ್ಜ್ ಪತ್ರ ಕೊಡಬೇಕು. ತಿಂಗಳಿಗೊಮ್ಮೆ ಬೇಕೆಂದೇ ಕಂಪ್ಯೂಟರ್ ಆರಿಸಿ, ಆಸ್ಪತ್ರೆ ಕಾಗದದ ಮೇಲೆ ನಡೆಯಬಲ್ಲದೇ ಎಂದು ನೋಡಬೇಕು. ಪಕ್ಕದ ಕೇರಳ ತನ್ನ ಇ-ಹೆಲ್ತ್ ಯೋಜನೆಯಲ್ಲಿ ಒಂದು ಸರ್ಕಾರಿ ಆಸ್ಪತ್ರೆಯ ದಾಖಲೆ ಇನ್ನೊಂದರಲ್ಲಿ ಕಾಣುವಂತೆ ಮಾಡಲು ಹೊರಟು ವರ್ಷಗಳಾದವು. ಅದರಲ್ಲಿ ಲೋಪಗಳಿಲ್ಲವೆಂದಲ್ಲ. ಆದರೆ ಅಲ್ಲಿ ದಾರಿ ಯಾವ ಕಡೆಗೆ ಎಂಬುದು ತೀರ್ಮಾನವಾಗಿದೆ.

ಇನ್ನೊಂದು ಸಣ್ಣ ಬೇಡಿಕೆ, ಇದಕ್ಕೆ ಕಾಸೂ ಬೇಡ. ದಾಖಲೆ ಕೇಳಿ ಬಂದ ಅರ್ಜಿಗಳೆಷ್ಟು, 72 ಗಂಟೆಯೊಳಗೆ ಕೊಟ್ಟದ್ದೆಷ್ಟು, 'ಸಿಗಲಿಲ್ಲ' ಎಂದದ್ದೆಷ್ಟು ಎಂದು ಪ್ರತಿ ಆಸ್ಪತ್ರೆ ತಿಂಗಳ ಮೊದಲ ದಿನ ಬಾಗಿಲ ಬಳಿಯ ಬೋರ್ಡಿನಲ್ಲಿ ಬರೆಯಲಿ. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಹಾಕಿ ಇಡಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ 2005ರಿಂದಲೂ ಹೇಳುತ್ತಿದೆ. ಇಲ್ಲದ ಸೂಚಿಯನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ.

ಆ ರೈತರಿಗೆ ನಮ್ಮ ಕಚೇರಿಯಲ್ಲೇ ಒಂದು ಅರ್ಜಿ ಬರೆದುಕೊಟ್ಟೆವು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದ್ದಾರೆ. ಅವರು ಮೊದಲ ಸಲ ಕೇಸ್ ಶೀಟ್ ಕೇಳಿದ ದಿನದಿಂದ ಎಣಿಸಿದರೆ 72 ಗಂಟೆ ಯಾವಾಗಲೋ ಮುಗಿದಿದೆ. ಮಾಹಿತಿ ಹಕ್ಕಿನ 30 ದಿನಗಳಲ್ಲಿ ಇಂದಿಗೆ ಹನ್ನೊಂದು ಕಳೆದಿವೆ.